ನಾಲ್ಕು ಬೆರಳಿನ ಜಾಗ

ಮೊನ್ನೆ ಸಂಜೆ ಕೆಲಸ ಮುಗಿಸಿ ಬಂದು ಗಾಡಿ ನಿಲ್ಲಿಸುವಾಗ ಪಾರ್ಕಿಂಗಿನಲ್ಲಿ ಒಂದು ವಾಸನೆ ಬಂತು. ಬಿಸಿ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಅದರ ಮೇಲೆ ತುಪ್ಪ. ಪುಣೆಯ ಕೊಂಢವಾದಲ್ಲಿರುವ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಪೆಟ್ರೋಲಿನ ವಾಸನೆ ಬರಬೇಕು, ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಒದ್ದೆ ಸಿಮೆಂಟಿನ ವಾಸನೆ ಬರಬೇಕು. ಇದು ಎಲ್ಲಿಂದ ಬಂತು ಅಂತ ತಿರುಗಿ ನೋಡಿದರೆ ಕಂಬದ ಬುಡದಲ್ಲಿ ಒಂದು ಸ್ಟೀಲ್ ಬೋಗುಣಿ. ಯಾರೋ ನಾಯಿಗೆ ಇಟ್ಟಿದ್ದರು.

ನನಗೆ ಮೊದಲು ಬಂದದ್ದು ನೆನಪಲ್ಲ, ಸಿಟ್ಟು. ಕಿವಿ ಬಿಸಿಯಾಯಿತು. ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ಆಮೇಲೆ ನಿಧಾನವಾಗಿ ಖಾನಾವಳಿ ಅಕ್ಕನ ಮುಖ ಕಣ್ಣ ಮುಂದೆ ಬಂತು… ಇಷ್ಟು ವರ್ಷವಾದರೂ ಆ ಮುಖದ ಮೇಲೂ ನನಗೆ ಸಿಟ್ಟೇ.

ಆಗ ನಾನು ಭೋಸರಿಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸಕ್ಕಿದ್ದೆ. ಕೈಯಲ್ಲಿ ಗೇಜ್ ಹಿಡಿದು, ತಯಾರಾಗಿ ಬಂದ ಶಾಫ್ಟುಗಳು ಡ್ರಾಯಿಂಗಿನ ಪ್ರಕಾರ ಇವೆಯೋ ಇಲ್ಲವೋ ಅಂತ ದಿನವಿಡೀ ನೋಡುವುದು. ಬಾಡಿಗೆಗೆ ಖೋಲಿ ಮಾಡಿದ್ದು ಶಿವಾಜಿನಗರದಲ್ಲಿ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅಕ್ಕನ ಖಾನಾವಳಿ ಇತ್ತು. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಗಲ್ಲಿಯ ತುದಿಗೇ ಕೇಳುತ್ತಿತ್ತು. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಕಾರ್ಖಾನೆಯವರು, ಕೋರ್ಟಿನಲ್ಲಿ ಓಡಾಡುವ ಒಬ್ಬ ವಕೀಲರು, ಎಲ್ಲರೂ ಅದೇ ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಉಣ್ಣುತ್ತಿದ್ದೆವು.

ಅಕ್ಕನದು ಮುಧೋಳದ ಹತ್ತಿರದ ಒಂದು ಹಳ್ಳಿ. ಗಂಡನ ಜೊತೆ ಪುಣೆಗೆ ಗಾರೆ ಕೆಲಸಕ್ಕೆ ಬಂದವಳು. ಬಂದ ಹೊಸದರಲ್ಲಿ ಕೆಲಸ ಸಿಗದೆ ನೀರು ಕುಡಿದು ಮಲಗಿದ್ದೂ ಇತ್ತಂತೆ. ಗಂಡ ತೀರಿಕೊಂಡ ಮೇಲೆ ಕೂಲಿಯವರಿಗೆ ರೊಟ್ಟಿ ಬಡಿದು ಕೊಡುತ್ತಾ ಖಾನಾವಳಿ ಎಬ್ಬಿಸಿದಳು. ಬಾಯಿ ಅಂದರೆ ಬಾಯಿ! ಮಹಾನಗರಪಾಲಿಕೆಯವನು ಬಂದು ಕಟ್ಟೆ ಒಡೆಯುತ್ತೇನೆ ಅಂದಾಗ ಲಟ್ಟಣಿಗೆ ಹಿಡಿದು ಹೊರಗೆ ಬಂದಿದ್ದಳು. ಕುಡಿದು ಬಂದವರನ್ನು ರಟ್ಟೆ ಹಿಡಿದು ಗಲ್ಲಿ ದಾಟಿಸುತ್ತಿದ್ದಳು. ವಕೀಲರ ಬಾಯಿಯನ್ನೇ ಮುಚ್ಚಿಸುತ್ತಿದ್ದಳು ಅಂದಮೇಲೆ ಉಳಿದವರ ಮಾತು ಯಾಕೆ.

ಆ ಖಾನಾವಳಿಯಲ್ಲಿ ಒಂದು ಪದ್ಧತಿ. ಉಣ್ಣಲು ಕೂತವನು "ಸಾಕ್ರಿ ಅಕ್ಕಾರ" ಅಂದರೆ ಅದನ್ನು ಆಕೆ ಮಾತು ಅಂತಲೇ ಹಿಡಿಯುತ್ತಿರಲಿಲ್ಲ. ಎರಡೂ ಕೈಯನ್ನು ತಾಟಿನ ಮೇಲೆ ಅಡ್ಡ ಹಿಡಿದು, ಮೈ ಬಗ್ಗಿಸಿ ತಾಟನ್ನು ಕಾಯಬೇಕು. ಹಾಗೆ ಕಾಯುವಾಗಲೂ ಬೆರಳ ಸಂದಿಯಿಂದ ಒಂದು ಚಮಚ ಕಡಲೆಹಿಟ್ಟಿನ ಝುಣಕ ಇಳಿದೇ ಇಳಿಯುತ್ತಿತ್ತು. "ಉಣ್ಣೋ ತಮ್ಮಾ, ನಿಮ್ಮವ್ವ ನೋಡಿದ್ರ ನನಗ ಬೈದಾಳು" ಅನ್ನುತ್ತಿದ್ದಳು. ಊರಲ್ಲಿ ನಮ್ಮ ಮನೆಗಳಲ್ಲೆಲ್ಲ ಹೀಗೇ. ನಮ್ಮಲ್ಲಿ ಉಂಡವನು ಬಡಕಲಾಗಿ ಕಂಡರೆ ಅದು ಉಂಡವನ ಅವಮಾನವಲ್ಲ, ನೀಡಿದವಳ ಅವಮಾನ.

ಇಂಥ ಬಾಗಿಲಿಗೆ ಅಕ್ಕನ ಅಣ್ಣ ಊರಿನಿಂದ ಒಂದು ಮುಧೋಳದ ನಾಯಿಮರಿ ತಂದು ಬಿಟ್ಟ. ಖಾನಾವಳಿಯ ಹಿಂದಿನಿಂದ ಗ್ಯಾಸ್ ಸಿಲಿಂಡರು ಕಳವಾಗಿತ್ತು, ಒಬ್ಬಳೇ ಇರುವ ತಂಗಿಗೆ ಕಾವಲಿರಲಿ ಅಂತ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದ. ನಸುಗೆಂಪು ಬಣ್ಣ ನೋಡಿ ನಾವು ಕೆಂಚ್ಯಾ ಅಂತ ಕರೆದೆವು.

ಮುಧೋಳದ ನಾಯಿ ನೋಡದವರಿಗೆ ಹೇಳುತ್ತೇನೆ. ತಲೆ ಉದ್ದ, ಕಿರಿದು. ಕಿವಿ ಕೆನ್ನೆಗೆ ಅಂಟಿಕೊಂಡು ಜೋತುಬಿದ್ದಿರುತ್ತವೆ. ಎದೆ ಆಳವಾಗಿ ಮುಂಗಾಲಿನ ಮೊಣಕೈವರೆಗೆ ಇಳಿದಿರುತ್ತದೆ. ಅಲ್ಲಿಂದ ಹೊಟ್ಟೆ ಸರ್ರನೆ ಮೇಲಕ್ಕೆ ಹೋಗಿ ಬೆನ್ನಿಗೇ ಹತ್ತಿದ ಹಾಗೆ ಕಾಣುತ್ತದೆ. ಕಾಲು ಉದ್ದ, ತೆಳ್ಳಗೆ. ಕೊನೆಯ ಪಕ್ಕೆಲುಬುಗಳು ತೊಗಲಿನ ಕೆಳಗೆ ಕಾಣಬೇಕು. ಕಾಣದಿದ್ದರೆ ಏನೋ ತಪ್ಪಾಗಿದೆ ಅಂತ ಅರ್ಥ. ಸೊಂಟದ ಮೇಲೆ ಎರಡು ಎಲುಬು ಎದ್ದು ನಿಂತಿರುತ್ತವೆ. ಮರಿ ಬೆಳೆದ ಮೇಲೆ ಅಕ್ಕನ ಅಣ್ಣ ಮತ್ತೊಮ್ಮೆ ಬಂದಾಗ ಅಲ್ಲಿ ಅಂಗೈ ಅಡ್ಡ ಇಟ್ಟು ತೋರಿಸಿದ್ದ.

"ಈ ಎರಡು ಎಲುಬಿನ ನಡುವ ನಾಕ ಬೆರಳ ಕೂಡಬೇಕು ನೋಡವ್ವಾ. ಕೂತ್ರ ಇದು ನಮ್ಮ ನಾಯಿ. ಕೂಡಲಿಲ್ಲಂದ್ರ ಹೊಟ್ಟಿಗೆ ಹೆಚ್ಚಾತು ಅಂತ ತಿಳಿ."

ಅಕ್ಕ ತಾನೂ ಇಟ್ಟು ನೋಡಿದಳು. ರೊಟ್ಟಿ ಬಡಿದು ದಪ್ಪಗಾದ ಬೆರಳು, ಆದರೂ ಸರಿಯಾಗಿ ಕೂತವು. ಆಮೇಲೆ ಅದೊಂದು ಆಟವೇ ಆಯಿತು. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಕೆಂಚ್ಯಾನ ಬೆನ್ನ ಮೇಲೆ ಕೈ ಇಟ್ಟು "ಸರಿ ಅದಿ ಮಗನ" ಅನ್ನುತ್ತಿದ್ದಳು.

ರವಿವಾರ ಬೆಳಿಗ್ಗೆ ನಾನೂ ಅಕ್ಕನೂ ಅವನನ್ನು ನದಿಯ ಹತ್ತಿರದ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದೆವು. ಹಗ್ಗ ಬಿಚ್ಚಿದರೆ ಸಾಕು… ಅವನು ಓಡುವಾಗ ಆ ಮೈ ಯಾಕೆ ಹಾಗಿದೆ ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗಿ ಬಿಚ್ಚಿಕೊಳ್ಳುತ್ತಿತ್ತು. ನಾಲ್ಕೂ ಕಾಲು ನೆಲ ಬಿಟ್ಟು ಗಾಳಿಯಲ್ಲೇ ಇರುವ ಒಂದು ಕ್ಷಣ ಇರುತ್ತಿತ್ತು. ಅದನ್ನು ನೋಡಲು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಯಿ ಅರೆ ತೆರೆದು ನಿಂತಿರುತ್ತಿದ್ದಳು. ವಾರವಿಡೀ ಒಲೆಯ ಮುಂದೆ ಬೇಯುವ ಹೆಂಗಸು ಆ ಹೊತ್ತಿಗೆ ಮಾತ್ರ ಹಗುರವಾಗಿ ಕಾಣುತ್ತಿದ್ದಳು.

ಚುಡಾಯಿಸುವುದನ್ನು ಶುರು ಮಾಡಿದವರು ವಕೀಲರು. "ಅಕ್ಕಾರ, ನಿಮ್ಮ ಕಾವಲುಗಾರಗ ಊಟ ಹಾಕಂಗಿಲ್ಲೇನ್ರಿ? ಎಲುಬೆಲ್ಲ ಕಾಣಾಕ್ಹತ್ತ್ಯಾವ!"

"ಅವನ ಮೈಕಟ್ಟ ಹಂಗೈತ್ರಿ. ನಿಮ್ಮ ಹೊಟ್ಟಿ ನೋಡಿ ಅವನೂ ನಗತಾನ, ಮೊದಲ ಅದನ್ನ ನೋಡ್ಕೋರಿ" ಅಂದಳು ಅಕ್ಕ. ಬೆಂಚಿನವರೆಲ್ಲ ನಕ್ಕರು, ವಕೀಲರೂ ನಕ್ಕರು. ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಎದುರು ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಒಬ್ಬ ಮೇಡಂ ಇದ್ದರು. ಅವರ ಹತ್ತಿರ ಒಂದು ಪಗ್ ನಾಯಿ. ಮೂತಿಯೇ ಇಲ್ಲದ ಹಾಗೆ ಮೂಗು ಮುಖದೊಳಗೆ ಹೋಗಿ, ನಾಲ್ಕು ಮೆಟ್ಟಿಲು ಹತ್ತಿದರೆ ಗೊರಗೊರ ಅನ್ನುತ್ತಿತ್ತು ಪಾಪ. ಆ ಗೊರಗೊರ ಕೇಳಿ ಮೇಡಂ "ನೋಡಿ, ಎಷ್ಟು ಕ್ಯೂಟ್" ಅನ್ನುತ್ತಿದ್ದರು. ಉಸಿರಿಗೆ ಒದ್ದಾಡುವ ನಾಯಿ ಅವರಿಗೆ ಮುದ್ದು, ಗಾಳಿಯ ಹಾಗೆ ಓಡುವ ನಾಯಿ ಅವರಿಗೆ ಅಯ್ಯೋ ಪಾಪ. ಎರಡರ ರೂಪವೂ ಮನುಷ್ಯರೇ ತಲೆಮಾರುಗಟ್ಟಲೆ ಆರಿಸಿ ಆರಿಸಿ ತಂದದ್ದು. ಒಂದನ್ನು ಮಡಿಲಲ್ಲಿ ಕೂರಿಸಿಕೊಳ್ಳಲು, ಇನ್ನೊಂದನ್ನು ಮೊಲದ ಹಿಂದೆ ಬಿಡಲು. ಇಷ್ಟು ತಿಳಿಯಲು ಏನು ಮಹಾ ವಿದ್ಯೆ ಬೇಕು? ಕೇಳುವ ಮನಸ್ಸಿದ್ದರೆ ಸಾಕಿತ್ತು. ಮೇಡಂ ಕೇಳಲಿಲ್ಲ. ಖಾನಾವಳಿಯ ಮುಂದೆ ನಿಂತು "ಕಿತೀ ಬಾರೀಕ್ ಆಹೇ ಹೋ! ಬಿಚಾರಾ!" ಎಷ್ಟು ಸೊರಗಿದೆ ಪಾಪ, ಅಂತ ಮರಾಠಿಯಲ್ಲಿ ಅಂದು ಕೆನ್ನೆಗೆ ಕೈ ಹಚ್ಚಿಕೊಂಡರು, ಫೋನು ತೆಗೆದರು, ಫೋಟೋ ಹೊಡೆದರು.

ಆ ಫೋಟೋ ಗಲ್ಲಿಯ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಕೆಂಚ್ಯಾ ಬಾಗಿಲಲ್ಲಿ ಪಕ್ಕಕ್ಕೆ ನಿಂತಿದ್ದಾನೆ, ಪಕ್ಕೆಲುಬು ಕಾಣುತ್ತಿದೆ, ಹಿಂದೆ ಅಕ್ಕನ ರೊಟ್ಟಿ ಬುಟ್ಟಿ. ಊರಿಗೆಲ್ಲ ಊಟ ಮಾರುವವರು ಮನೆಯ ಮೂಕ ಪ್ರಾಣಿಯನ್ನು ಉಪವಾಸ ಕೆಡವಿದ್ದಾರೆ ಅಂತ ಅದರ ಕೆಳಗೆ ಬರೆದಿದ್ದರು. ಅಷ್ಟಾದದ್ದೇ ತಡ, ದಯೆಯ ಮಳೆ ಸುರಿಯಿತು. ಗೊತ್ತಿಲ್ಲದವರೆಲ್ಲ ಬಿಸ್ಕೀಟು ಪುಡಿಕೆ ಹಿಡಿದು ಬಂದರು. ಕಾಲೇಜಿನ ಹುಡುಗಿಯರು ಬಂದು ಅಕ್ಕನಿಗೆ ಬುದ್ಧಿ ಹೇಳಿ ಹೋದರು. ಒಂದು ಮಧ್ಯಾಹ್ನ ಒಂದು ಕುಟುಂಬ ಒಳಗೆ ಬಂದು ಕೂತು, ಬಾಗಿಲಲ್ಲಿ ಮಲಗಿದ್ದ ನಾಯಿಯನ್ನು ನೋಡಿ, ತಮ್ಮತಮ್ಮಲ್ಲೇ ಏನೋ ಪಿಸುಗುಟ್ಟಿ, ತಾಟಿಗೆ ಕೈ ಹಚ್ಚದೆ ಎದ್ದು ಹೋಯಿತು. ಅಕ್ಕ ಬಿಸಿ ರೊಟ್ಟಿ ಹಿಡಿದುಕೊಂಡು ನಡುಮನೆಯಲ್ಲಿ ನಿಂತೇ ಇದ್ದಳು. ಅವತ್ತು ನಾನಿದ್ದೆ… ಆ ಮುಖ ನೋಡಬಾರದಿತ್ತು.

ಲಟ್ಟಣಿಗೆ ಹಿಡಿದು ಪಾಲಿಕೆಯವನ ಮುಂದೆ ನಿಂತವಳು ಒಂದು ಫೋಟೋದ ಮುಂದೆ ನಿಲ್ಲಲಿಲ್ಲ. ಮರುದಿನದಿಂದ ಕೆಂಚ್ಯಾನಿಗೆ ಹಾಲು, ರೊಟ್ಟಿ, ತುಪ್ಪ ಶುರುವಾಯಿತು. ಬೆಳಿಗ್ಗೆ ಒಂದು ಬೋಗುಣಿ, ಸಂಜೆ ಒಂದು ಬೋಗುಣಿ, ನಡುವೆ ಉಳಿದ ಮಟನ್ನಿನ ಕೊಬ್ಬು, ಹಬ್ಬವಿದ್ದರೆ ಹೋಳಿಗೆ. ರವಿವಾರದ ಬಯಲು ನಿಂತಿತು. ಓಡಿದರೆ ಮತ್ತೆ ಕರಗುತ್ತಾನಂತೆ. ನಾವಾದರೂ ತಾಟಿನ ಮೇಲೆ ಎರಡು ಕೈ ಅಡ್ಡ ಹಿಡಿಯುತ್ತಿದ್ದೆವು. ಕೆಂಚ್ಯಾನಿಗೆ ಆ ವಿದ್ಯೆ ಇರಲಿಲ್ಲ.

ನಾನು ಸುಮ್ಮನಿರಲಿಲ್ಲ. ಕೈ ತೊಳೆದು ಎಲ್ಲರೂ ಹೋದ ಮೇಲೆ ನೇರವಾಗಿ ಹೇಳಿದೆ. "ಅಕ್ಕಾರ, ಇದು ತಪ್ಪ್ರಿ. ಸಣ್ಣಗ ಇರಬೇಕಾದ ಶಾಫ್ಟಿಗೆ ನಾವು ಕಬ್ಬಿಣ ಮೆತ್ತತೇವೇನು? ನಿಮ್ಮ ಅಣ್ಣಾರ ಹೇಳಿದ್ದು ಮರತ್ರೇನು?"

"ಅಣ್ಣಗೇನಪ್ಪಾ, ಊರಾಗ ಕೂತು ಹೇಳತಾನ. ಖಾನಾವಳಿ ನಡಸಾಕಿ ನಾನು. ನನ್ನ ಬಾಗಲದಾಗ ಹಸದ ಜೀವ ಐತಿ ಅಂತ ಗಲ್ಲಿ ತುಂಬ ಅಂದ್ರ, ಯಾವ ಮಾರಿ ಇಟ್ಕೊಂಡು ರೊಟ್ಟಿ ಬಡೀಲಿ?"

"ಅವ ಹಸದಿಲ್ರಿ!"

"ನನಗ ಗೊತ್ತು, ನಿನಗ ಗೊತ್ತು. ಅವರಿಗೆ ಯಾರು ಹೇಳಬೇಕು? ಜನ ಬೈತಾರೋ ತಮ್ಮಾ…"

ಜನ ಬೈತಾರೆ. ಆ ಮಾತಿಗೆ ನನ್ನ ಮೈ ಉರಿಯಿತು. ಈ ಜನ ಅನ್ನುವವರು ಯಾರು? ಅಕ್ಕ ಗಂಡನನ್ನು ಕಳೆದುಕೊಂಡಾಗ ಒಂದು ಹಿಟ್ಟಿನ ಚೀಲ ತಂದು ಇಳಿಸಿದವರೇ? ನೀರು ಕುಡಿದು ಮಲಗಿದ ಹೆಂಗಸಿಗೆ ಆಗ ಒಂದು ಬಿಸ್ಕೀಟು ಕೊಡದ ಊರಿಗೆ ಈಗ ನಾಯಿಯ ಪಕ್ಕೆಲುಬು ಕಂಡು ಕರುಳು ಚುರುಕ್ ಅಂದಿತಂತೆ! ಇದನ್ನೂ ಹೇಳಿದೆ. ಅಕ್ಕ ಪಾತ್ರೆ ತಿಕ್ಕಿದಳು.

ತಿಂಗಳುಗಳು ಕಳೆದವು. ಕೆಂಚ್ಯಾನ ಪಕ್ಕೆಲುಬು ಮುಚ್ಚಿದವು. ಹೊಟ್ಟೆ ಕೆಳಗಿಳಿಯಿತು, ಕುತ್ತಿಗೆಯ ಕೆಳಗೆ ತೊಗಲು ಜೋತಿತು. ಆ ತೆಳ್ಳನೆಯ ಕಾಲುಗಳು ಮಾತ್ರ ಮೊದಲಿನ ಹಾಗೇ ಇದ್ದವು, ಮೇಲಿನ ಮೈ ಬೇರೆ ಯಾರದೋ. ಮತ್ತು ಎಲ್ಲರೂ ಹೊಗಳಿದರು! "ಈಗ ನೋಡ್ರಿ, ಎಷ್ಟು ಚಂದ ಆಗ್ಯಾನ" ಅಂದರು ವಕೀಲರು. ಮೇಡಂ ಮತ್ತೊಂದು ಫೋಟೋ ಹೊಡೆದು ಹಳೆಯದರ ಪಕ್ಕಕ್ಕಿಟ್ಟು, ಪ್ರೀತಿ ಸಿಕ್ಕರೆ ಪ್ರಾಣಿ ಹೇಗೆ ಅರಳುತ್ತದೆ ನೋಡಿ ಅಂತ ಗ್ರೂಪಿಗೆ ಹಾಕಿದರು. ಅಕ್ಕ ಆ ಫೋಟೋವನ್ನು ನನ್ನ ಫೋನಿನಲ್ಲಿ ತೆಗೆಸಿ ನೋಡಿದಳು. ಅವಳಿಗೆ ಸಮಾಧಾನವಾಗಿತ್ತು. ಬೆಳಿಗ್ಗೆ ಬೆನ್ನ ಮೇಲೆ ಕೈ ಇಡುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು.

ದೀಪಾವಳಿಗೆ ಅಕ್ಕನ ಅಣ್ಣ ಹೊಸ ಬಟ್ಟೆ ತೆಗೆದುಕೊಂಡು ಬಂದ. ಬಾಗಿಲಲ್ಲಿ ಚೀಲ ಇಳಿಸಿ, ಕಾಲಿಗೆ ಬಂದು ಮೈ ತಿಕ್ಕುತ್ತಿದ್ದ ನಾಯಿಯನ್ನು ಮೊಣಕಾಲಿನಿಂದ ಆಚೆ ಸರಿಸಿ, "ಇದ್ಯಾರ ನಾಯಿನ? ಕೆಂಚ್ಯಾ ಎಲ್ಲಿ ಹ್ವಾದ?" ಅಂದ.

ನಾಯಿ ಬಾಲ ಅಲ್ಲಾಡಿಸುತ್ತಲೇ ಇತ್ತು. ಆತ ಬಗ್ಗಿ ಮುಖ ನೋಡಿದ, ಕಿವಿ ಮುಟ್ಟಿದ. ಆಮೇಲೆ ಬೆನ್ನ ಮೇಲೆ ಅಂಗೈ ಇಟ್ಟ. ಬೆರಳು ಎಲ್ಲಿಯೂ ನಿಲ್ಲದೆ ಜಾರಿದವು. ತಂಗಿಯನ್ನು ಬೈಯಲಿಲ್ಲ. "ಭಾಳ ಉಣಿಸೀವ್ವಾ" ಅಂದ ಅಷ್ಟೇ. ಹಾಲು ನಿಲ್ಲಿಸು, ಹಗ್ಗ ಹಿಡಿದು ದಿನಾ ನಿಧಾನ ನಡೆಸು, ಮೈ ಇಳಿಯುವ ತನಕ ಓಡಲಿಕ್ಕೆ ಮಾತ್ರ ಬಿಡಬೇಡ ಅಂತ ಹೇಳಿ ಹೋದ. ಅಕ್ಕ ತಲೆಯಾಡಿಸಿದಳು. ಕೆಲವು ದಿನ ಹಾಲು ನಿಂತಿತು ಕೂಡ. ಆಮೇಲೆ ಮೇಡಂ ಬಂದು "ಮತ್ತೆ ಸೊರಗಿದನಲ್ಲ?" ಅಂತ ಕೇಳಿದರು. ಬೋಗುಣಿ ಮತ್ತೆ ಬಾಗಿಲಿಗೆ ಬಂತು.

ಆದರೂ ಅಣ್ಣ ಹೇಳಿದ ಹಾಗೆ ನಡೆಸುವುದನ್ನಾದರೂ ಮಾಡೋಣ ಅಂತ ಒಂದು ರವಿವಾರ ಬೆಳಿಗ್ಗೆ ಬಯಲಿಗೆ ಹೋದೆವು. ಹಗ್ಗ ಅಕ್ಕನ ಕೈಯಲ್ಲಿತ್ತು. ಹುಲ್ಲಿನಿಂದ ಒಂದು ಮುಂಗುಸಿ ಎದ್ದು ಓಡಿತು, ಹಗ್ಗ ಕೈಯಿಂದ ಕಿತ್ತುಕೊಂಡು ಹೋಯಿತು. ಮೊದಲ ನಾಲ್ಕು ನೆಗೆತ ಹಳೆಯ ಕೆಂಚ್ಯಾನದೇ. ಅಕ್ಕನ ಬಾಯಿ ಮೊದಲಿನ ಹಾಗೆ ಅರೆ ತೆರೆದುಕೊಂಡಿತು. ಮುಂಗುಸಿ ಎಡಕ್ಕೆ ತಿರುಗಿತು, ಅವನೂ ತಿರುಗಿದ… ಮುಂಗಾಲು ಅಷ್ಟು ಭಾರ ತಡೆಯಲಿಲ್ಲ. ಎಲುಬು ಮುರಿದ ಸದ್ದು ನಾವು ನಿಂತಷ್ಟು ದೂರಕ್ಕೂ ಕೇಳಿತು.

ಟವೆಲಿನಲ್ಲಿ ಎತ್ತಿ ರಿಕ್ಷಾದಲ್ಲಿ ಹಾಕಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆವು. ಕಾಲು ಮುರಿದದ್ದು ದೊಡ್ಡದಲ್ಲ, ಗುಂಡಿಗೆಯೇ ಸೋತಿದೆ, ಈ ಮೈಗೆ ಇಷ್ಟು ಭಾರ ಯಾಕೆ ಹೊರಿಸಿದಿರಿ ಅಂತ ಡಾಕ್ಟರು ಕೇಳಿದರು. ಅಕ್ಕ ಮೇಜಿನ ಪಕ್ಕದಲ್ಲಿ ನಿಂತು ಅವನ ಬೆನ್ನ ಮೇಲೆ ಕೈ ಇಟ್ಟು ಬೆರಳುಗಳಿಂದ ಹುಡುಕುತ್ತಿದ್ದಳು. ಅವನ ಉಸಿರು ನಿಂತ ಮೇಲೂ ಹುಡುಕುತ್ತಲೇ ಇದ್ದಳು. ಎಲುಬು ಸಿಗಲಿಲ್ಲ.

ಸಂಜೆ ಮೇಡಂ ಹೂವು ತೆಗೆದುಕೊಂಡು ಬಂದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು, ಅದೇ ನನಗೆ ತಡೆಯಲಾಗದ್ದು. "ಹೋಗುವಾಗಲಾದರೂ ಹೊಟ್ಟೆ ತುಂಬಿತ್ತಲ್ಲ" ಅಂದರು. ನನಗೆ ಮರಾಠಿ ಅಷ್ಟು ಚೆನ್ನಾಗಿ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಗಲ್ಲಿಯವರೆಲ್ಲ ಕಿಟಕಿಗೆ ಬಂದರು. ಹೊಟ್ಟೆ ತುಂಬಿಸಿಯೇ ಕೊಂದಿರಿ, ಈಗ ಅದರ ಫೋಟೋನೂ ಹಾಕಿ ಅಂದೆ. ಆ ಕನ್ನಡದವನಿಗೆ ಮರ್ಯಾದೆ ಗೊತ್ತಿಲ್ಲ ಅಂತ ಆಮೇಲೆ ಗ್ರೂಪಿನಲ್ಲಿ ಬಂತಂತೆ. ನನ್ನ ಸಿಟ್ಟು ಅಷ್ಟಕ್ಕೆ ತೀರಲಿಲ್ಲ, ಇವತ್ತಿಗೂ ತೀರಿಲ್ಲ.

ಖಾನಾವಳಿ ಮತ್ತೆ ನಡೆಯಿತು. ರೊಟ್ಟಿ ಅದೇ, ಝುಣಕ ಅದೇ. ಕೆಂಚ್ಯಾ ಹೋಗಿ ಕೆಲವು ದಿನವಾಗಿತ್ತು, ಊಟಕ್ಕೆ ಕೂತವನು ರೂಢಿಯ ಮೇಲೆ "ಸಾಕ್ರಿ ಅಕ್ಕಾರ" ಅಂದು ಎರಡು ಕೈ ಅಡ್ಡ ಹಿಡಿದೆ. ಅಕ್ಕ ಆಗಲೇ ಮುಂದಿನವನ ಹತ್ತಿರ ಹೋಗಿದ್ದಳು. ನನ್ನ ಕೈ ಖಾಲಿ ತಾಟಿನ ಮೇಲೆ ಸುಮ್ಮನೆ ನಿಂತಿದ್ದವು. ಅಂದಿನಿಂದ ಒಂದು ಸಲ ಸಾಕು ಅಂದರೆ ಸಾಕು. ಯಾರನ್ನೂ ಒತ್ತಾಯ ಮಾಡಲಿಲ್ಲ, ನಿಮ್ಮವ್ವ ಬೈದಾಳು ಅನ್ನಲಿಲ್ಲ. ಬೆಂಚಿನವರು ಅಕ್ಕ ಈಗ ಸುಧಾರಿಸಿದ್ದಾಳೆ ಅಂದುಕೊಂಡರು. ನನಗೆ ಮಾತ್ರ ಅಲ್ಲಿ ಕೂತು ಉಣ್ಣುವುದು ಕಷ್ಟವಾಯಿತು.

ಆಮೇಲೆ ನನ್ನ ಮದುವೆಯಾಯಿತು, ಮನೆ ಕೊಂಢವಾಕ್ಕೆ ಬಂತು. ಅಕ್ಕ ಖಾನಾವಳಿ ಮುಚ್ಚಿ ಅಣ್ಣನ ಊರಿಗೆ ಹೋದಳು ಅಂತ ತಿಳಿಯಿತು. ಅಲ್ಲಿ ಮತ್ತೆ ನಾಯಿ ಸಾಕಲಿಲ್ಲವಂತೆ. ತೀರಿಕೊಂಡ ಸುದ್ದಿ ಆ ಕಡೆಯವನೊಬ್ಬ ಭೋಸರಿಯ ಕಾರ್ಖಾನೆಯ ಗೇಟಿನಲ್ಲಿ ಸಿಕ್ಕು ಹೇಳಿದ, ಅಷ್ಟೊತ್ತಿಗೆ ಮಣ್ಣು ಮಾಡಿ ಬಹಳ ದಿನವಾಗಿತ್ತು. ಆ ಗಲ್ಲಿಯಲ್ಲಿ ಈಗ ಮೊಬೈಲ್ ಕವರಿನ ಅಂಗಡಿ ಇದೆ…

ಮೊನ್ನೆ ನಾನು ಆ ಬೋಗುಣಿ ನೋಡುತ್ತಾ ನಿಂತಿದ್ದಾಗ ಲಿಫ್ಟಿನಿಂದ ಒಂದು ಹುಡುಗಿ ಬಂದಳು. ಮೂರನೇ ಮಹಡಿಗೆ ಹೊಸದಾಗಿ ಬಂದವಳು, ಬೆಂಗಳೂರಿನವಳು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಆಗಷ್ಟೇ ಮರಿತನ ದಾಟಿದ ಒಂದು ಬೂದು ಬಣ್ಣದ ಮುಧೋಳದ ನಾಯಿ. ಉದ್ದ ತಲೆ, ಆಳ ಎದೆ, ಮೇಲಕ್ಕೇರಿದ ಹೊಟ್ಟೆ.

"ಅಂಕಲ್, ನೀವು ಕನ್ನಡದವ್ರಲ್ವಾ? ಮುಧೋಳ್ ಹೌಂಡ್ ಇದು. ತುಂಬಾ ವೀಕ್ ಆಗಿದೆ ಅನ್ಸುತ್ತಾ? ಸೊಸೈಟಿ ಗ್ರೂಪಲ್ಲಿ ಎಲ್ರೂ ಕೇಳ್ತಿದಾರೆ, ಊಟ ಹಾಕಲ್ವಾ ಅಂತ. ಅದಕ್ಕೇ ಹಾಲು ರೊಟ್ಟಿ ಸ್ಟಾರ್ಟ್ ಮಾಡಿದೀನಿ."

ನಾನು ಹೆಲ್ಮೆಟ್ಟು ಕೆಳಗಿಟ್ಟು ಕೂತೆ. ನಾಯಿ ನನ್ನ ಕೈ ಮೂಸಿತು. ಬೆನ್ನ ಮೇಲೆ ಅಂಗೈ ಅಡ್ಡ ಇಟ್ಟೆ. ಎರಡು ಎಲುಬು, ನಡುವೆ ನನ್ನ ನಾಲ್ಕು ಬೆರಳು. ಬಿಸಿ ತೊಗಲಿನ ಮೇಲೆ ಅವು ಸರಿಯಾಗಿ ಕೂತವು. ಹುಡುಗಿಯ ಕೈಯನ್ನೂ ಅಲ್ಲಿ ಇಡಿಸಿ, ಹೀಗೇ ಇರಬೇಕಮ್ಮ, ಈ ಜಾಗ ಮುಚ್ಚಿದ ದಿನ ಹೆದರಿಕೋ ಅಂತ ಹೇಳಿದೆ. ಅವಳು ಕೈ ತೆಗೆಯದೆ ನನ್ನ ಮುಖ ನೋಡಿದಳು.

"ಆದ್ರೆ ಜನ ಬೈತಾರಲ್ಲ ಅಂಕಲ್."

"ಬೈಲಿ!" ಅಂದೆ.

ಪಾರ್ಕಿಂಗ್ ತುಂಬ ಕೇಳುವಷ್ಟು ಜೋರಾಗಿ ಬಂತು. ಹುಡುಗಿ ಬೆಚ್ಚಿದಳು, ನಾಯಿ ಹಿಂದೆ ಸರಿಯಿತು. ಕ್ಷಮಿಸಮ್ಮ ಅಂತ ಹೇಳಿ ನಾನೇ ಬೋಗುಣಿ ಎತ್ತಿ ಅವಳ ಕೈಗೆ ಕೊಟ್ಟೆ. ಅದಿನ್ನೂ ಬಿಸಿಯಾಗಿತ್ತು. ಅವಳು ಹೋದ ಮೇಲೆ ಅಲ್ಲೇ ಕೂತಿದ್ದೆ. ಆ ಒಂದು ಮಾತನ್ನು ಅಕ್ಕ ಅವತ್ತು ಅಂದಿದ್ದರೆ ಸಾಕಿತ್ತು. ಯಾಕೆ ಅನ್ನಲಿಲ್ಲ ಅಂತ ಜಗಳ ತೆಗೆಯಬೇಕು ಅನ್ನಿಸಿತು. ಸಿಟ್ಟು ಇದೆ, ಸಿಟ್ಟು ಮಾಡಲು ಅಕ್ಕ ಇಲ್ಲ.